ಹಗೇವಿಗಿಳಿದ ಬ್ಯಾಟರಿ

ಹಗೇವಿನ ಬಾಯಿಯ ಚಪ್ಪಡಿ ಸರಿದದ್ದೇ ತಡ, ಕೃಷ್ಣಕುಮಾರ್ ಅವಸರ ಮಾಡತೊಡಗಿದ. "ಬೇಗ ಇಳೀಬೇಕು ಜುಂಜಯ್ಯನವರೇ. ಬಾಯಿ ತೆಗೆದಿಟ್ಟು ಕಾಯೋ ಹಾಗಿಲ್ಲ. ಹೊರಗಿನ ಗಾಳಿ ತಾಕಿದರೆ ನಾನು ಬಂದ ಕೆಲಸವೇ ಕೆಟ್ಟಿತು."

ಕಂದಿಕೆರೆ ಹತ್ತಿರದ ಹಟ್ಟಿಯಲ್ಲಿ, ಜುಂಜಯ್ಯನ ಅಂಗಳದ ತೆಂಗಿನ ಮರಗಳ ನಡುವೆ, ಹಗೇವು ಬಾಯಿ ತೆರೆದುಕೊಂಡಿತ್ತು. ರಾಗಿ ತುಂಬಿಡಲು ಅವನ ಅಜ್ಜ ನೆಲದೊಳಗೆ ತೋಡಿಸಿದ್ದ ಗುಂಡಿ ಅದು. ಒಬ್ಬ ಆಳು ಮೈ ಹಿಡಿಮಾಡಿಕೊಂಡು ಇಳಿಯುವಷ್ಟೇ ಬಾಯಿ. ಒಳಗೆ ಹೊಟ್ಟೆ ಮಾತ್ರ ದೊಡ್ಡದು. ಹಟ್ಟಿಯ ಉಳಿದವರೆಲ್ಲ ರಾಗಿ ತುಂಬಲು ಪ್ಲಾಸ್ಟಿಕ್ ಚೀಲಕ್ಕೆ ಬದಲಾಗಿದ್ದರೂ ಜುಂಜಯ್ಯ ಹಗೇವು ಬಿಟ್ಟಿರಲಿಲ್ಲ. ಅದರ ಗೋಡೆ ಬದಿಯ ರಾಗಿ ತೇವ ಹತ್ತಿ, ಮುಚ್ಚಿದ ಗುಂಡಿಯಲ್ಲೇ ಬೆಳ್ಳಗೆ ಮೊಳೆತಿರುತ್ತದೆ ಎಂಬ ಸುದ್ದಿ ಹೇಗೋ ಕೃಷ್ಣಕುಮಾರನ ಕಿವಿಗೆ ಬಿದ್ದಿತ್ತು. ಬೆಂಗಳೂರಿನಲ್ಲಿ ಗಿಡಗಳ ಜೀನ್ ಮೇಲೆ ಸಂಶೋಧನೆ ಮಾಡುತ್ತಿದ್ದವನು, ಐಸ್ ತುಂಬಿದ ಫ್ಲಾಸ್ಕ್ ಹಿಡಿದು ಮೊದಲ ಬಸ್ಸಿಗೇ ಬಂದಿಳಿದಿದ್ದ.

"ಅಲ್ಲ ಸಾ, ಗಾಳಿನೇ ಇಲ್ದೆ ಮೊಳಕೆ ಹೆಂಗ್ ಬದುಕ್ತದೆ?" ಜುಂಜಯ್ಯ ತೋಳು ಮಡಿಸುತ್ತ ಕೇಳಿದ. "ನಮ್ಮೋಳು ನನ್ನ ಬೀಡಿ ಹೊಗೆಗೇ ಉಸಿರು ಕಟ್ತು ಅಂತಾಳೆ."

ಕೃಷ್ಣಕುಮಾರನಿಗೆ ಅಷ್ಟೇ ಸಾಕಿತ್ತು. "ಕಾಳಿನೊಳಗೆ ಅಪ್ಪಣೆಗಳಿರುತ್ತವೆ, ಅದಕ್ಕೇ ನಾವು ಜೀನ್ ಅನ್ನೋದು. ಗಾಳಿ ಕಮ್ಮಿ ಆಯ್ತು ಅಂತ ಕಾಳಿಗೆ ಗೊತ್ತಾಗುತ್ತೆ. ಆಗ ಅದು ಬೆಳೆಯೋ ಅಪ್ಪಣೆಗಳನ್ನ ಮಲಗಿಸಿ, ಹೇಗಾದರೂ ಜೀವ ಹಿಡಿದುಕೊಳ್ಳೋ ಅಪ್ಪಣೆಗಳನ್ನ ಎಬ್ಬಿಸುತ್ತೆ. ಸೀಮೆಎಣ್ಣೆ ಮುಗೀತಾ ಬಂದಾಗ ಬತ್ತಿ ಸಣ್ಣ ಮಾಡಲ್ವಾ, ಹಾಗೆ. ಒಂದು ಸಲ ಗಾಳಿ ಸೋಕಿತೋ, ಎಲ್ಲ ಅದಲುಬದಲು. ನನಗೆ ಅದಕ್ಕೆ ಮುಂಚಿನ ಕಾಳು ಬೇಕು." ಹೇಳುವಾಗ ಅವನ ಮುಖ ಅರಳಿತ್ತು. ಕೇಳುತ್ತಿದ್ದ ಜುಂಜಯ್ಯನಿಗೂ ತನ್ನ ರಾಗಿಯ ಬಗ್ಗೆ ಹೆಮ್ಮೆಯಾಯಿತು.

ಅಷ್ಟರಲ್ಲಿ ಅವನ ಹೆಂಡತಿ ಕೊಲ್ಲಾಪುರಮ್ಮ ಹಣತೆ ಹಚ್ಚಿಕೊಂಡು ಬಂದಳು. ಹಗೇವು ತೆಗೆದಾಗ ಮೊದಲು ದೀಪ ಇಳಿಬಿಡುವುದು ಆ ಮನೆಯ ಪದ್ಧತಿ. ದೀಪ ಉರಿದರೆ ಭೂಮಿತಾಯಿ ಒಪ್ಪಿದಳು ಅಂತ. ಆರಿದರೆ ಒಪ್ಪಲಿಲ್ಲ ಅಂತ. ಆಗ ಬಾಯಿ ತೆರೆದಿಟ್ಟು ಮಾರನೆಯ ದಿನ ಇಳಿಯುತ್ತಿದ್ದರು. ಯಾಕೆಂದು ಯಾರೂ ಯಾರನ್ನೂ ಕೇಳಿದವರಲ್ಲ. ಅಂಗಳದ ಗಾಳಿಗೆ ಹಣತೆ ಹಗೇವಿನ ಬಾಯಿ ಮುಟ್ಟುವ ಮೊದಲೇ ನಂದಿಹೋಯಿತು.

"ಮತ್ತೆ ಹಚ್ಕೊಂಡು ಬತ್ತೀನಿ, ತಡಿ," ಎಂದಳು ಕೊಲ್ಲಾಪುರಮ್ಮ.

"ಇದನ್ನ ಇಳಿಬಿಡಿ, ಇನ್ನೂ ಚೆನ್ನಾಗಿ ಕಾಣುತ್ತೆ," ಎಂದು ಕೃಷ್ಣಕುಮಾರ್ ತನ್ನ ಮೂರು ಸೆಲ್ಲಿನ ಬ್ಯಾಟರಿಯನ್ನು ಚೀಲದಿಂದ ತೆಗೆದುಕೊಟ್ಟ. ನಾರಿನ ಹುರಿಗೆ ಕಟ್ಟಿ ಇಳಿಬಿಟ್ಟರು. ಒಳಗೆಲ್ಲ ಹಗಲಾಯಿತು. ಜುಂಜಯ್ಯ ನಕ್ಕ. "ನೋಡ್ದೇನೇ? ಇದು ಆರೋ ದೀಪ ಅಲ್ಲ. ಭೂಮ್ತಾಯಿ ಒಪ್ಪೇಬೇಕು!" ಕೊಲ್ಲಾಪುರಮ್ಮನೂ ನಕ್ಕಳು. ಜುಂಜಯ್ಯ ಗೋಡೆಯಲ್ಲಿ ಕಾಲಿಡಲು ಕೊರೆದಿದ್ದ ಮೆಟ್ಟುಗೂಡುಗಳಿಗೆ ಕಾಲು ಕೊಟ್ಟು ಇಳಿದ.

"ಐತೆ ಸಾ! ಬೆಳ್ಳಗೆ, ಹಿಂಗೇ ಕೈಗೆ..." ಮಾತು ಅಲ್ಲಿಗೇ ನಿಂತಿತು. ತಮಾಷೆಯ ಮನುಷ್ಯ, ಹೆದರಿಸುತ್ತಿದ್ದಾನೆ ಎಂದುಕೊಂಡಳು ಕೊಲ್ಲಾಪುರಮ್ಮ. "ಸಾಕು ಬುಡು ನಿನ್ನಾಟ, ಬಾ ಮ್ಯಾಕೆ," ಎಂದಳು. ಕೃಷ್ಣಕುಮಾರ್ ಬಗ್ಗಿ ನೋಡಿದ. ಬ್ಯಾಟರಿ ಚೂರೂ ಅಲುಗದೆ ಉರಿಯುತ್ತಿತ್ತು. ಆ ಬೆಳಕಿನಲ್ಲಿ ಜುಂಜಯ್ಯ ರಾಗಿಯೊಳಗೆ ಮುಖವಿಟ್ಟು ಬಿದ್ದಿದ್ದ. ಹಗಲು ಕಂಡ ಬಾವಿಗೆ ಇರುಳು ಬಿದ್ದವರನ್ನು ಆಡಿಕೊಳ್ಳುತ್ತೇವೆ. ಈ ಓದಿದವನು ಹಾಡಹಗಲೇ, ಕೈಯಾರೆ ಬೆಳಕು ಹಿಡಿದು, ಇನ್ನೊಬ್ಬನನ್ನು ಇಳಿಸಿದ್ದ.

ಕೊಲ್ಲಾಪುರಮ್ಮ ಆಗಲೇ ಒಂದು ಕಾಲು ಒಳಗಿಟ್ಟಿದ್ದಳು. ಕೃಷ್ಣಕುಮಾರ್ ಅವಳ ರಟ್ಟೆ ಹಿಡಿದು ಎಳೆದ. ಅವಳು ಪರಚಿದಳು, ಕಚ್ಚಿದಳು, ಅವನು ಬಿಡಲಿಲ್ಲ. ಕೂಗು ಕೇಳಿ ಓಡಿಬಂದ ಹಟ್ಟಿಯವರು, ಯಾರೋ ಪರಸ್ಥಳದವನು ಹೆಣ್ಣಿನ ಮೈಮೇಲೆ ಕೈ ಮಾಡಿದನೆಂದು ಅವನ ಬೆನ್ನಿಗೆ ಗುದ್ದಿದರು. ಗುದ್ದು ತಿನ್ನುತ್ತಲೇ ಅವನು ಅರಚಿದ: "ಯಾರೂ ಇಳೀಬೇಡಿ! ಒಳಗೆ ಗಾಳಿ ಇಲ್ಲ! ಇಳಿದವರು ಸಾಯ್ತಾರೆ!"

ಕೊಲ್ಲಾಪುರಮ್ಮ ಕೊಸರಾಟ ಬಿಟ್ಟು ಅವನ ಮುಖ ನೋಡಿದಳು.

ಒಬ್ಬರು ಹಸಿ ಸೋಗೆ ಬೀಸಿ ಒಳಗೆ ಗಾಳಿ ಹಾಕಿದರು. ಬಾವಿಗೆ ಬಿದ್ದ ಬಿಂದಿಗೆ ಎತ್ತುವ ಪಾತಾಳಗರಡಿ ತಂದು, ಅದರ ಕೊಕ್ಕೆಯನ್ನು ಜುಂಜಯ್ಯನ ಸೊಂಟದ ಪಟ್ಟಿಗೆ ಸಿಕ್ಕಿಸಿ ಮೇಲೆಳೆಯುವಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು. ಕೃಷ್ಣಕುಮಾರ್ ಅವನ ಎದೆ ಒತ್ತಿದ, ಬಾಯಿಗೆ ಬಾಯಿ ಇಟ್ಟು ಊದಿದ, ಮತ್ತೆ ಒತ್ತಿದ. ಹಟ್ಟಿಯ ಮುದುಕರೊಬ್ಬರು ಅವನ ಭುಜ ಮುಟ್ಟಿ "ಬುಡಪ್ಪ, ಸಾಕು," ಎಂದರು. ಜುಂಜಯ್ಯನ ಮುಷ್ಟಿ ಬಿಡಿಸಿದಾಗ ತೇವದ ರಾಗಿ ನೆಲಕ್ಕುದುರಿತು. ಒಂದೊಂದು ಕಾಳಿಗೂ ಬೆಳ್ಳನೆಯ ಮೊಳಕೆಯಿತ್ತು.

ಕೊಲ್ಲಾಪುರಮ್ಮ ಅಳಲಿಲ್ಲ. ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಅವನ ಮೂಗಿಗೆ ಮೆತ್ತಿದ್ದ ರಾಗಿಯನ್ನು ಸೆರಗಿನಿಂದ ಒರೆಸುತ್ತಿದ್ದಳು. ಒರೆಸುತ್ತಲೇ ತಲೆಯೆತ್ತಿ, ನಿಜಕ್ಕೂ ತಿಳಿಯದವಳಂತೆ ಕೃಷ್ಣಕುಮಾರನನ್ನು ಕೇಳಿದಳು:

"ಒಳಗೆ ಗಾಳಿ ಇಲ್ಲ ಅಂತ್ಲೇ ಅಲ್ವಾ ಸ್ವಾಮಿ, ನೀವು ಬೆಂಗ್ಳೂರಿಂದ ಬಂದಿದ್ದು?"