ಬಾನೆಟ್ಟಿನ ಕೆಳಗಿನ ಸದ್ದು

ಮೆಕ್ಯಾನಿಕ್ ಮತ್ತು ತನ್ನ ಮಗಳು ಮೊದಲೇ ಮಾತಾಡಿಕೊಂಡಿದ್ದಾರೆ ಎಂಬ ಅನುಮಾನ ನಿವೃತ್ತ ಬಸ್ ಡ್ರೈವರ್‌ಗೆ ಗ್ಯಾರೇಜಿನ ಗೇಟು ದಾಟುವಾಗಲೇ ಬಂತು. ಕಾರು ಇನ್ನೂ ಪೂರ್ತಿ ಒಳಗೆ ಬಂದಿರಲಿಲ್ಲ. ಆಗಲೇ ಆ ಮನುಷ್ಯ ಸ್ಪ್ಯಾನರ್ ಕೆಳಗಿಟ್ಟು, ಬಾನೆಟ್ಟನ್ನೇ ನೋಡುತ್ತ ಎದ್ದು ನಿಂತಿದ್ದ.

“ಏನೂ ಹೇಳ್ಬೇಡಿ ಯಜಮಾನ್ರೇ, ಗೊತ್ತಾಯ್ತು.”

“ಹೇಗೆ ಗೊತ್ತಾಯ್ತು?” ಡ್ರೈವರ್ ಮಗಳತ್ತ ತಿರುಗಿದ. ಅವಳು ಕಿಟಕಿಯಾಚೆ ನೋಡುತ್ತಿದ್ದಳು.

ಕಾರಿಗೆ ಇಪ್ಪತ್ತಾರು ವರ್ಷ. ಡ್ರೈವರ್‌ಗೆ ಎಪ್ಪತ್ತೊಂದು. ಮೊಮ್ಮಗಳಿಗೆ ಏಳು. ಬೆಳಿಗ್ಗೆ ಎಂಟಕ್ಕೆ ಅವಳನ್ನು ಶಾಲೆಗೆ ಬಿಡುವುದು, ಮೂರೂವರೆಗೆ ಕರೆತರುವುದು. ಆತನಿಗೆ ಉಳಿದಿದ್ದ ರೂಟು ಇದೊಂದೇ. ಈಗ ಅದಕ್ಕೂ ಕುತ್ತು ಬಂದಿತ್ತು. ಎರಡು ವಾರದಿಂದ ಬಾನೆಟ್ಟಿನ ಕೆಳಗೆ ಟಣ್ ಟಣ್ ಎನ್ನುತ್ತಿದೆ ಎಂದು ಮನೆಯಲ್ಲಿ ದೂರು. ನಿನ್ನೆ ಊಟಕ್ಕೆ ಕೂತಾಗ ಮಗಳು ತೀರ್ಪು ಕೊಟ್ಟಿದ್ದಳು.

“ನಾಳೆ ತೋರಿಸೋಣ. ಸರಿಹೋಗ್ಲಿಲ್ಲ ಅಂದ್ರೆ ಸೋಮವಾರದಿಂದ ಮಗು ಸ್ಕೂಲ್ ವ್ಯಾನಲ್ಲಿ ಹೋಗ್ಲಿ. ಆಮೇಲೆ ಮುಖ ಊದಿಸ್ಕೊಂಡು ಕೂರ್ಬೇಡಪ್ಪ.”

ಮೂವತ್ತೆರಡು ವರ್ಷ ಒಂದೂ ಅಪಘಾತವಿಲ್ಲದೆ ಬಸ್ ಓಡಿಸಿದವನು ಒಂದು ಟಣ್ ಟಣ್‌ಗೆ ಸೋಲುವುದುಂಟೇ? ಹೋದ ಭಾನುವಾರ ತಾನೇ ಬಾನೆಟ್ ಎತ್ತಿ, ಕೈಗೆ ಸಿಕ್ಕ ಬೋಲ್ಟುಗಳನ್ನೆಲ್ಲ ಬಿಗಿದು, ಬೀದಿಯಲ್ಲಿ ಒಂದು ಸುತ್ತು ಹೊಡೆದು “ಹೋಯ್ತು” ಎಂದು ಘೋಷಿಸಿದ್ದ. ಪಕ್ಕದ ಸೀಟಿನಲ್ಲಿ ಮೊಮ್ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. “ತಾತಾ, ನಮ್ಮ ಸ್ಕೂಲ್ ಬೆಲ್ ಥರ ಹೊಡ್ಕೊಳ್ತಿದೆ!”

ಈ ಸಲ “ಹೋಯ್ತು” ಎನ್ನಲು ಆತುರಪಡಬಾರದು ಎಂದು ಡ್ರೈವರ್ ನಿರ್ಧರಿಸಿದ್ದ.

ಮೆಕ್ಯಾನಿಕ್ ಎಂಜಿನ್ನಿನ ಮೇಲೆ ಬಗ್ಗಿ ಏನೋ ಅಂದ.

“ಏನಯ್ಯಾ, ಎದುರಿಗೆ ಬಂದು ಮಾತಾಡು. ಬಾನೆಟ್ಟೊಳಗೆ ತಲೆ ತೂರಿಸ್ಕೊಂಡು ದೊಡ್ಡವರ ಹತ್ರ ಮಾತಾಡೋದು ಯಾವ ಮರ್ಯಾದೆ?”

ಮೆಕ್ಯಾನಿಕ್ ತಲೆ ಹೊರತೆಗೆದ. “ತಪ್ಪಾಯ್ತು. ಎಂಜಿನ್ ಆಫ್ ಮಾಡಿ ಅಂದೆ, ಅಷ್ಟೇ.”

ಸೈಲೆನ್ಸರ್ ಪೈಪಿನ ಮೇಲಿನ ತಗಡಿನ ಕವಚಕ್ಕೆ ಎರಡು ಬೋಲ್ಟು ಇರಬೇಕಿತ್ತು. ಒಂದು ಬಿದ್ದುಹೋಗಿತ್ತು; ಇನ್ನೊಂದು ಬೆರಳಿಗೇ ತಿರುಗುತ್ತಿತ್ತು. ಮೆಕ್ಯಾನಿಕ್ ಹೊಸದೊಂದನ್ನು ಕೂರಿಸಿ ಎರಡನ್ನೂ ಬಿಗಿದ. ಡ್ರೈವರ್ ಇಳಿದು ಮುಂದೆ ಬಂದು ನಿಂತ; ಮಗಳು ಅವನ ಸೀಟಿಗೆ ಸರಿದು ಎಂಜಿನ್ ಸ್ಟಾರ್ಟ್ ಮಾಡಿದಳು.

“ಈಗ?” ಮೆಕ್ಯಾನಿಕ್ ಕೇಳಿದ.

ಡ್ರೈವರ್ ಮೆಕ್ಯಾನಿಕ್‌ನ ಮುಖ ನೋಡಿದ. ಹುಬ್ಬು ಗಂಟಿಕ್ಕಿತ್ತು. ನಗುವಿನ ಸುಳಿವಿರಲಿಲ್ಲ.

“ಇದೆ,” ಎಂದ ಡ್ರೈವರ್.

“ಇದೆಯಾ?”

“ಇದೆ. ಟಣ್, ಟಣ್. ಮೂವತ್ತೆರಡು ವರ್ಷ ಎಂಜಿನ್ ಮಗ್ಗುಲಲ್ಲೇ ಕೂತವನಯ್ಯಾ ನಾನು. ನಂಗೇ ಹೇಳಿಕೊಡ್ಬೇಡ.”

ಮೆಕ್ಯಾನಿಕ್ ಮತ್ತೆ ಸ್ಪ್ಯಾನರ್ ಎತ್ತಿಕೊಂಡ. ಎಂಜಿನ್ ನಿಲ್ಲಿಸಿ ಬ್ಯಾಟರಿಯ ಕ್ಲಾಂಪ್ ಬಿಗಿದ. ಎಂಜಿನ್ ಕೂರಿಸಿದ ರಬ್ಬರುಗಳನ್ನು ಸಲಾಕೆಯಿಂದ ಮೀಟಿ ನೋಡಿದ. ಮತ್ತೆ ಸ್ಟಾರ್ಟ್ ಮಾಡಿಸಿ, ಮತ್ತೆ ಕೇಳಿದ. ಈಗ ಅವನ ಮುಖ ಮೊದಲಿಗಿಂತ ಸಪ್ಪಗಾಗಿತ್ತು.

“ಸ್ವಲ್ಪ ಕಡಿಮೆ,” ಎಂದ ಡ್ರೈವರ್ ಉದಾರವಾಗಿ. “ಆದ್ರೆ ಇದೆ.”

ಮಗಳು ಕಾರಿನಿಂದಿಳಿದಳು. ಅವಳೂ ಮೆಕ್ಯಾನಿಕ್ಕೂ ಹಳೆ ಟೈರುಗಳ ರಾಶಿಯ ಹತ್ತಿರ ಹೋಗಿ, ಈತನಿಗೆ ಬೆನ್ನು ಹಾಕಿ ನಿಂತರು. ಅಲ್ಲಿಗೆ ಡ್ರೈವರ್‌ನ ಅನುಮಾನ ಗಟ್ಟಿಯಾಯಿತು. ದಾಪುಗಾಲು ಹಾಕಿ ಇಬ್ಬರ ನಡುವೆ ನುಗ್ಗಿದ.

“ಏನದು ಗುಸುಗುಸು? ನನ್ನ ಗಾಡೀನ ಗುಜರಿಗೆ ಹಾಕೋ ಮಾತಾ?”

“ಗಾಡಿ ಗಟ್ಟಿಮುಟ್ಟಾಗಿದೆಯಂತಪ್ಪ,” ಎಂದಳು ಮಗಳು. “ನೀನು ರಸ್ತೇಲಿ ಹೇಗೆ ಓಡಿಸ್ತೀಯ ಅಂತ ಕೇಳ್ತಿದ್ರು.”

“ನಂಗೇನಾಗಿದೆ? ಈಗಿನ ಸ್ಕೂಟರಿನವ್ರಿಗೆ ಬುದ್ಧಿ ಇಲ್ಲ. ಹಾರ್ನೇ ಹೊಡೆಯಲ್ಲ. ದೆವ್ವದ ಥರ ಪಕ್ಕದಲ್ಲಿ ಬಂದು ನಿಂತಿರ್ತಾರೆ, ಮೇಲೆ ನನ್ನನ್ನೇ ಬೈತಾರೆ.”

“ಯಾರೂ ಹೊಡೆಯಲ್ವಾ?” ಮೆಕ್ಯಾನಿಕ್ ಕೇಳಿದ.

“ಒಬ್ಬನೂ ಇಲ್ಲ.”

ಮೆಕ್ಯಾನಿಕ್ ಬಟ್ಟೆಯ ಚೂರಿನಿಂದ ಕೈ ಒರೆಸಿಕೊಂಡ. ಕೈ ಸ್ವಚ್ಛವಾದ ಮೇಲೂ ಒರೆಸುತ್ತಲೇ ಇದ್ದ.

“ಕೊನೇದಾಗಿ ಒಂದು ಪರೀಕ್ಷೆ ಮಾಡೋಣ ಯಜಮಾನ್ರೇ. ಅನುಭವಸ್ಥರು ನೀವು, ನಿಮ್ಮಿಂದ್ಲೇ ಆಗ್ಬೇಕು. ಆ ಗೋಡೆ ಕಡೆ ಮುಖ ಮಾಡಿ ನಿಂತ್ಕೊಳ್ಳಿ. ಕಣ್ಣು ಮುಚ್ಚಿ. ಒಂದು ಬೆರಳು ಮೇಲೆತ್ತಿ ಹಿಡೀರಿ. ನಾನು ಎಂಜಿನ್ನಿನ ಒಂದೊಂದೇ ಭಾಗ ಅಮುಕ್ತಾ ಹೋಗ್ತೀನಿ. ಟಣ್ ಟಣ್ ನಿಂತ ತಕ್ಷಣ ಬೆರಳು ಇಳಿಸ್ಬಿಡಿ. ಯಾವುದನ್ನ ಅಮುಕಿದಾಗ ನಿಂತಿತೋ ಅಲ್ಲೇ ತೊಂದರೆ.”

“ಪಾಠ ಒಪ್ಪಿಸದ ಹುಡುಗನ ಥರ ಗೋಡೆ ನೋಡ್ಕೊಂಡು ನಿಲ್ಬೇಕಾ?” ಎಂದ ಡ್ರೈವರ್. ಆದರೆ ಒಳಗೊಳಗೇ ಖುಷಿಯಾಗಿತ್ತು. ಅಂತೂ ತನ್ನ ಅನುಭವಕ್ಕೆ ಒಬ್ಬ ಬೆಲೆ ಕೊಟ್ಟ. ಹತ್ತು ಹೆಜ್ಜೆ ನಡೆದು, ಗೋಡೆಯ ಎದುರು ನಿಂತು, ಎದೆ ಸೆಟೆಸಿ, ಕಣ್ಣು ಮುಚ್ಚಿ, ತೋರುಬೆರಳು ಎತ್ತಿದ.

ಕಣ್ಣು ಮುಚ್ಚಿದ ಮೇಲೆ ನೋಡಲು ಯಾರ ಮುಖವೂ ಇರಲಿಲ್ಲ. ಸೋಮವಾರವನ್ನು ನೆನೆದ. ಹಿಂದಿನ ಸೀಟಿನಲ್ಲಿ ಬ್ಯಾಗು, ಪಕ್ಕದಲ್ಲಿ ಎರಡು ಜಡೆಯ ಮೊಮ್ಮಗಳು, ಶಾಲೆಯ ಗೇಟಿನ ಹತ್ತಿರ ಸಾಲುಗಟ್ಟಿದ ವ್ಯಾನುಗಳು, ಅವುಗಳ ನಡುವೆ ತನ್ನ ಕಾರು. ಅವಸರ ಮಾಡಿ ಕೆಡಿಸಿಕೊಳ್ಳುವ ಪೈಕಿ ಅಲ್ಲ ತಾನು. ತೋಳು ನೋಯತೊಡಗಿತು. ಆದರೂ ಬೆರಳು ಕಂಬದಂತೆ ನೆಟ್ಟಗಿತ್ತು. ತುಟಿಯಂಚಿನಲ್ಲಿ ಸಣ್ಣ ನಗುವೂ ಇತ್ತು.

ಎಂಜಿನ್ ನಿಲ್ಲಿಸಿ ಮೂರು ನಿಮಿಷವಾಗಿತ್ತು; ಎರಡಡಿ ಹಿಂದೆ ನಿಂತಿದ್ದ ಮಗಳು ಐದನೇ ಸಲ “ಅಪ್ಪಾ” ಎಂದು ಕರೆದಳು.