ಭಿತ್ತಿಪತ್ರಕ್ಕೊಂದು ಮುಖ

ಪ್ರಚಾರಾಧಿಕಾರಿಗಳು ಚಿತ್ರವನ್ನು ತೋಳುದ್ದ ಹಿಡಿದು ನೋಡಿ, ಮೇಜಿನ ಮೇಲೆ ಒಗೆದರು.

“ಏನ್ರೀ ಇದು? ಶತ್ರುದೇಶದವರನ್ನ ಬರೀರಿ ಅಂದ್ರೆ, ಮದುವೆಗೆ ತೋರಿಸೋ ಫೋಟೋ ತರ ಬರೆದಿದ್ದೀರಲ್ಲ! ಇದನ್ನ ನೋಡಿ ಯಾರಿಗಾದ್ರೂ ಕೈ ಎತ್ತೋಣ ಅನ್ಸುತ್ತಾ?”

ತಮ್ಮ ಸೊಸೆ ಆ ದೇಶದವಳೆಂಬುದನ್ನೂ ಅವಳನ್ನೇ ಕಿಟಕಿಯ ಬಳಿ ಕೂರಿಸಿ ಬರೆದುದನ್ನೂ ಚಿತ್ರಕಾರರು ನುಂಗಿಕೊಂಡರು. “ತಾವು ಆ ದೇಶದವರನ್ನ ನೋಡಿದ್ದೀರಾ, ಸ್ವಾಮಿ?”

“ನೋಡೋದೇನ್ರೀ ಬಂತು? ಚಿಕ್ಕಂದಿನಿಂದ ಪುಸ್ತಕದಲ್ಲಿ ಓದಿಲ್ವಾ! ಹುಬ್ಬು ಗಂಟಿಕ್ಕಲಿ, ಹಲ್ಲು ಹೊರಗೆ ಬರಲಿ. ಯುದ್ಧ ಶುರುವಾಗಿ ವಾರ ಆಯ್ತು, ಜನಕ್ಕೆ ಇನ್ನೂ ಸಿಟ್ಟೇ ಬಂದಿಲ್ಲ.”

ನಲವತ್ತು ವರ್ಷಗಳಲ್ಲಿ ಎದುರಿಗೆ ಮಾದರಿಯಿಲ್ಲದೆ ಒಂದು ಗೆರೆಯನ್ನೂ ಎಳೆಯದವರು ಅವರು. ಅಂಥ ಹಲ್ಲಿನ ಮಾದರಿಯನ್ನು ಎಲ್ಲಿಂದ ತರುವುದು? ಮನೆಗೆ ಬಂದು, ಕ್ಷೌರದ ಕನ್ನಡಿಯ ಮುಂದೆ ಕುಳಿತು, ಹುಬ್ಬು ಬಿಗಿದು ತುಟಿ ಹಿಂದಕ್ಕೆಳೆದರು. ಮೂಗಿಗೆ ಮಾತ್ರ ಹೆಚ್ಚಿನ ಶ್ರಮ ಬೇಕಾಗಲಿಲ್ಲ.

ಸೊಸೆ ಬಾಗಿಲಲ್ಲಿ ನಿಂತು ಗಾಬರಿಯಾದಳು. “ಹಲ್ಲುನೋವಾ, ಮಾವ?”

“ಇಲ್ಲಮ್ಮ, ದೇಶಸೇವೆ.”

ಮರುದಿನ ಅಧಿಕಾರಿಗಳ ಮುಖ ಅರಳಿತು. “ಶಭಾಷ್! ಥೇಟ್ ಅವರೇ! ಎಲ್ಲಿ ಹಿಡಿದ್ರಿ ಇವನನ್ನ?”

“ಮನೇಲೇ ಸಿಕ್ಕಿದ, ಸ್ವಾಮಿ.”

‘ಇವನನ್ನು ಗುರುತಿಟ್ಟುಕೊಳ್ಳಿ’ ಎಂಬ ಒಕ್ಕಣೆಯೊಂದಿಗೆ ಆ ಮುಖ ಊರಿನ ಗೋಡೆಗಳನ್ನೆಲ್ಲ ಏರಿತು. ವಿಧೇಯರಾದ ಪ್ರಜೆಗಳು ಗುರುತಿಟ್ಟುಕೊಂಡರು.

ನಾಲ್ಕನೆಯ ದಿನ ಬೆಳಿಗ್ಗೆ ಮನೆಯ ಬಾಗಿಲು ಬಡಿದ ಸದ್ದಾಯಿತು. ಸೊಸೆ ತೆರೆದಳು. ಹೊರಗೆ ದೊಣ್ಣೆ ಹಿಡಿದ ನಾಲ್ವರು. ಮುಂದಿದ್ದವನ ಕೈಯಲ್ಲಿ ಗೋಡೆಯಿಂದ ಕಿತ್ತ ಭಿತ್ತಿಪತ್ರ, ಅದರ ಬೆನ್ನಿಗೆ ಸುಣ್ಣದ ಚಕ್ಕೆಗಳು ಅಂಟಿದ್ದವು.

“ಈ ಮನೇಲಿ ಆ ದೇಶದವರು ಇದ್ದಾರಂತಲ್ಲ, ಅಕ್ಕ?”

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಅವನು ದನಿ ತಗ್ಗಿಸಿದ. “ಹೆದರ್ಬೇಡಿ. ನಿಮ್ಮಂಥವರನ್ನ ಕಾಪಾಡೋಕೇ ನಾವು ಬಂದಿರೋದು.”

ಅಷ್ಟರಲ್ಲಿ ಒಳಗಿನಿಂದ ಮಾವ ಬಂದರು. ದೊಣ್ಣೆಗಳನ್ನು ಕಂಡ ಭಯಕ್ಕೆ ಅವರ ಹುಬ್ಬು ಗಂಟಿಕ್ಕಿತು, ತುಟಿ ಹಿಂದೆ ಸರಿದು ಹಲ್ಲು ಹೊರಬಂದವು. ಅವರ ಶ್ರೇಷ್ಠ ಕೃತಿಯೇ ಗೆರೆ ತಪ್ಪದೆ ಹೊಸ್ತಿಲಲ್ಲಿ ನಿಂತಂತಾಯಿತು.

ಇಬ್ಬರು ಕೊರಳಪಟ್ಟಿಗೆ ಕೈ ಹಾಕಿದರು.

“ಬಿಡಿ ಅವರನ್ನ!” ಸೊಸೆ ಅಡ್ಡ ಬಂದು ಚೀರಿದಳು. “ಆ ದೇಶದವಳು ನಾನು! ನಾನು ಕಣ್ರೋ!”

ಮುಂದಾಳು ಭಿತ್ತಿಪತ್ರವನ್ನು ಮುದುಕರ ಕಿವಿಯ ಪಕ್ಕಕ್ಕೆ ಹಿಡಿದು, ಒಮ್ಮೆ ಅದನ್ನೂ ಒಮ್ಮೆ ಇವರನ್ನೂ ನೋಡಿ, ಅವಳತ್ತ ಕನಿಕರದಿಂದ ತಿರುಗಿದ.

“ಸುಮ್ನಿರಿ ಅಕ್ಕ. ಅವರು ಹೇಗಿರ್ತಾರೆ ಅಂತ ನಮಗೆ ಗೊತ್ತಿಲ್ವಾ?”