ಕತ್ತಿನ ಮೇಲಿನ ಗುರುತು

"ಹೆಬ್ಬೆರಳಿಂದ ಕಣ್ಣಿಗೆ ಚುಚ್ಚಿ," ಎಂದ ಮೂರನೇ ಮಹಡಿಯ ಆತ್ಮರಕ್ಷಣೆಯ ಕೋಚ್.

"ಬೇಡ. ಬೇರೆ ಏನಾದ್ರೂ ಹೇಳಿ."

"ಸರಿ, ಹಿಮ್ಮಡಿಯಿಂದ ಪಾದ ತುಳಿದು, ಕಿರುಬೆರಳು ಹಿಡಿದು ಹಿಂದಕ್ಕೆ ಮುರೀರಿ."

"ಮುರಿಯೋದೂ ಬೇಡ."

ಕೋಚ್ ಸೊಂಟದ ಮೇಲೆ ಕೈಯಿಟ್ಟು ನಿಂತ. ಕನ್ನಡಕದ ಅಂಗಡಿಯಿಂದ ಅರ್ಧ ದಿನ ರಜೆ ಹಾಕಿ ಬಂದಿದ್ದ ಅವಳು, ಸೆಕೆಯಲ್ಲೂ ಬಿಗಿಯಾಗಿ ಸುತ್ತಿದ್ದ ಕತ್ತಿನ ಸ್ಕಾರ್ಫನ್ನು ಇನ್ನಷ್ಟು ಮೇಲಕ್ಕೆ ಎಳೆದುಕೊಂಡಳು.

ಅವಳಿಗೂ ತಲೆ ಚಿಟ್ಟು ಹಿಡಿದಿತ್ತು. ಆ ಕಟ್ಟಡದಲ್ಲಿ ಮಹಡಿಗೊಂದು ವಿದ್ಯೆ. ಮೊದಲನೇ ಮಹಡಿಯ ಬಾಕ್ಸಿಂಗ್‌ನವನು, ಮುಷ್ಟಿಯ ಮುಂದೆ ಉಳಿದದ್ದೆಲ್ಲ ಬರೀ ಡ್ಯಾನ್ಸು ಎಂದಿದ್ದ. ಹಿಂದಿನಿಂದ ಕತ್ತು ಹಿಡಿದರೆ ಎಂದು ಕೇಳಿದ್ದಕ್ಕೆ, ಹಾಗೆಲ್ಲ ಹಿಡಿಯುವಂತಿಲ್ಲ, ರೆಫರಿ ಬಂದು ಬಿಡಿಸುತ್ತಾನೆ ಎಂದ. ಅವಳ ಅಡುಗೆಮನೆಗೆ ರೆಫರಿ ಎಲ್ಲಿಂದ ಬರಬೇಕು? ಎರಡನೇ ಮಹಡಿಯ ಜೂಡೋದವಳು, ಪಂದ್ಯ ಹತ್ತಿರ ಬಂತು, ಹೊಸಬರಿಗೆ ಜಾಗ ಇಲ್ಲ, ಬೇಕಾದರೆ ಕೂತು ನೋಡಿ ಎಂದಳು. ಕೂತು ನೋಡಿದ್ದಾಯಿತು. ಒಬ್ಬ ಇನ್ನೊಬ್ಬನ ಕತ್ತು ಅಮುಕುತ್ತಾನೆ. ಸಿಕ್ಕಿಕೊಂಡವನು ಅಂಗೈಯಿಂದ ಎರಡು ಸಲ ತಟ್ಟುತ್ತಾನೆ. ಅಮುಕಿದವನು ಆ ಕ್ಷಣವೇ ಬಿಟ್ಟು, ಎದ್ದು ನಿಂತು ತಲೆ ಬಾಗುತ್ತಾನೆ.

"ಕೆಳಗೆ ಜೂಡೋದಲ್ಲಿ ತಟ್ಟಿದ್ರೆ ಬಿಡ್ತಾರಲ್ಲ," ಎಂದಳು.

ಕೋಚ್ ಬಿದ್ದು ಬಿದ್ದು ನಕ್ಕ. "ಅದು ಆಟ ಅಮ್ಮಾ. ನಾವಿಲ್ಲಿ ಕಲಿಸೋದು ಬದುಕಿ ಉಳಿಯೋದನ್ನ. ಕೊಲ್ಲಕ್ಕೆ ಬಂದವನ ಕೈ ತಟ್ಟಿ, ಸಾಕು ಬಿಡಪ್ಪಾ ಅಂದ್ರೆ ಬಿಡ್ತಾನಾ?"

"ಕೊಲ್ಲಕ್ಕೆಲ್ಲ ಬರಲ್ಲ ಅವರು."

"ಅವರು ಅಂದ್ರೆ?"

"ಮನೆಯವರೇ."

ಕೋಚ್‌ಗೆ ಅಷ್ಟು ಸಾಕಾಯಿತು. ದನಿ ತಗ್ಗಿಸಿದ. "ಕುಡೀತಾರಾ?"

"ಇಲ್ಲ. ಇದ್ದಕ್ಕಿದ್ದ ಹಾಗೆ ಹಿಂದಿಂದ ಬಂದು ಹಿಡೀತಾರೆ. ಆಮೇಲೆ ಏನೂ ಆಗೇ ಇಲ್ಲ ಅನ್ನೋ ಹಾಗೆ ತಿಂಡಿ ಕೇಳ್ತಾರೆ. ಈ ಪಟ್ಟುಗಳೆಲ್ಲ ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು."

"ಹಾಗಾದ್ರೆ ಬಿಡಿಸ್ಕೊಳ್ಳೋದನ್ನ ಅವರಿಂದಲೇ ಕಲೀಬೇಕಿತ್ತು."

"ಹೆಣ್ಣುಮಕ್ಕಳಿಗೆ ಇದೆಲ್ಲ ಯಾಕೆ, ಆ ಕಡೆ ತಲೆ ಹಾಕಬೇಡ ಅಂತಿದ್ರು."

"ಬಾಗಿಲು ತೆಗೆದು ಓಡಿಹೋಗ್ಬಾರ್ದಾ?"

"ಬೀಗ ಹಾಕಿರುತ್ತೆ."

"ಬೀಗದ ಕೈ?"

"ನನ್ನ ಹತ್ರಾನೇ ಇರುತ್ತೆ."

ಕೋಚ್ ಹಣೆ ಚಚ್ಚಿಕೊಂಡ. "ಬೀಗದ ಕೈ ಇಟ್ಕೊಂಡು ಕತ್ತು ಕೊಡ್ತೀರಾ? ನಿಮ್ಮಂಥೋರಿಗೆ ನಾನೇನು ಕಲಿಸ್ಲಿ! ಕಂಪ್ಲೇಂಟ್ ಕೊಡಿ, ಇಲ್ಲಾ ಕಣ್ಣಿಗೆ ಚುಚ್ಚಿ. ಎರಡೇ ದಾರಿ."

"ಹಿಡಿತ ಬಿಡಿಸೋದು ಹೇಳಿಕೊಡಿ ಅಂದ್ರೆ ಮನುಷ್ಯನನ್ನ ಕುರುಡು ಮಾಡೋದು ಹೇಳಿಕೊಡ್ತೀರಿ," ಎಂದು ರೇಗಿ ಅವಳು ಚೀಲ ಎತ್ತಿಕೊಂಡಳು. ಮೂರು ಮಹಡಿ ಹತ್ತಿ ಮಂಡಿ ನೋವು ತರಿಸಿಕೊಂಡದ್ದಷ್ಟೇ ಬಂತು.

ಮೆಟ್ಟಿಲಿಳಿಯುವಾಗ ಅಣ್ಣನ ಫೋನು.

"ಭಾನುವಾರ ಬರ್ತಿದ್ದೀನಿ. ಕತ್ತಿನ ಮೇಲೆ ಇನ್ನೊಂದು ಗುರುತು ಕಂಡ್ರೂ ಅವರನ್ನ ನಿನ್ನ ಜೊತೆ ಇರೋಕೆ ಬಿಡಲ್ಲ. ಎಲ್ಲಿ ಸೇರಿಸ್ಬೇಕೋ ಅಲ್ಲಿ ಸೇರಿಸ್ತೀನಿ."

"ಅಲ್ಲಿ ಕೈ ಕಟ್ಟಿ ಹಾಕ್ತಾರಣ್ಣ."

"ಹಾಕ್ಲಿ! ನಿನ್ನ ಜೀವ ಮುಖ್ಯ ನಂಗೆ."

ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಮೂವರು ಕೋಚ್‌ಗಳ ಮೇಲೆ, ಅಣ್ಣನ ಮೇಲೆ, ಆ ಹಾಳು ಕೈಗಳ ಮೇಲೂ. ಆ ಕೈಗಳು ಗೆದ್ದ ಪದಕಗಳು ಹಜಾರದ ಗಾಜಿನ ಬೀರುವಿನಲ್ಲಿ ಇನ್ನೂ ತೂಗುತ್ತಿದ್ದವು. ಯಾರೋ ಆ ಕೈಗಳನ್ನು ಮಂಚಕ್ಕೆ ಬಿಗಿಯುವುದನ್ನು ನೆನೆಸಿಕೊಳ್ಳುವುದೂ ಅವಳಿಗೆ ಬೇಡವಾಗಿತ್ತು. ಅವರನ್ನು ಕಳಿಸಬಾರದು, ಅಷ್ಟೇ. ಅದಕ್ಕೆ ಕತ್ತು ಉಳಿಯಬೇಕು.

ಶನಿವಾರ ಬೆಳಿಗ್ಗೆ ಅವಳು ಲೋಟ ತೊಳೆಯುತ್ತಿದ್ದಳು. ಹೆಜ್ಜೆಯ ಸದ್ದೇ ಇಲ್ಲ. ಹಿಂದಿನಿಂದ ಬಂದ ತೋಳು ಕತ್ತನ್ನು ಸುತ್ತಿಕೊಂಡಿತು.

ಮೊದಲನೇ ಮಹಡಿಯವನ ಮುಷ್ಟಿ ಬೀಸಲು ಜಾಗವಿರಲಿಲ್ಲ. ಮೂರನೇ ಮಹಡಿಯವನು ಹೇಳಿದಂತೆ ಪಾದ ತುಳಿಯಲು ಹಿಮ್ಮಡಿ ಎತ್ತಿದಳು. ಕೆಳಗಿದ್ದುದು ಬರಿಗಾಲು. ಹಿಮ್ಮಡಿಯನ್ನು ಮೆಲ್ಲಗೆ ಪಕ್ಕಕ್ಕಿಟ್ಟಳು. ಹೆಬ್ಬೆರಳು ಕಣ್ಣಿನ ತನಕ ಹೋಗಿ ಕನ್ನಡಕಕ್ಕೆ ತಗಲಿತು. ತಾನೇ ಅಳತೆ ತೆಗೆದು ಮಾಡಿಸಿಕೊಟ್ಟ ಕನ್ನಡಕ. ಕೈ ವಾಪಸು ಬಂತು.

ಯಾವ ವಿದ್ಯೆಯೂ ಕೆಲಸಕ್ಕೆ ಬರಲಿಲ್ಲ. ನಾಳೆಯೇ ಭಾನುವಾರ. ಹತಾಶೆಯಲ್ಲಿ, ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ, ಅವಳ ಒದ್ದೆ ಅಂಗೈ ಆ ತೋಳಿನ ಮೇಲೆ ಬಡಿಯಿತು. ಒಂದು. ಎರಡು.

ತೋಳು ಬಿಟ್ಟುಕೊಂಡಿತು.

ನಂಬಲಾಗದೆ, ಹೊಳೆಯುವ ಸ್ಟೀಲ್ ತಟ್ಟೆಯೊಂದನ್ನೆತ್ತಿ ಕತ್ತು ನೋಡಿಕೊಂಡಳು. ಹೊಸ ಗುರುತಿರಲಿಲ್ಲ. ತಿರುಗಿದಳು. ಅವರು ಎರಡು ಹೆಜ್ಜೆ ಹಿಂದೆ ಸರಿದು, ಅಂಗಿಯ ಅಂಚು ಸರಿಮಾಡಿಕೊಂಡು, ಎರಡೂ ಕೈ ತೊಡೆಗಾನಿಸಿ, ಅವಳಿಗೆ ತಲೆ ಬಾಗಿದರು.

"ಭೇಷ್," ಎಂದರು ಅಪ್ಪ, ಮಗಳ ಗುರುತು ಮರೆತು ವರ್ಷವಾಗಿದ್ದ ಎಂಬತ್ತರ ಜೂಡೋ ಮೇಷ್ಟ್ರು, "ಮುಂದಿನ ಹುಡುಗ ಬಾರೋ."